ಬಂಡಲಿನಲ್ಲಿ ಬರುತ್ತಿದ್ದ ಬ್ರಾಡು

ಆ ಹೊಲಿಗೆ ಕಾರ್ಖಾನೆಯ ಮೂರನೇ ಲೈನಿನಲ್ಲಿ ಅವಳನ್ನು ಹೆತ್ತವರು ಇಟ್ಟ ಹೆಸರಿನಿಂದ ಕರೆಯುವವರು ಯಾರೂ ಇರಲಿಲ್ಲ. ಅಂಗಿಯ ಕಾಲರ್ ಹೊಲಿಯುತ್ತಿದ್ದಳು, ಲೈನಿಗೆಲ್ಲ ಹಿರಿಯಳು, ಹಾಗಾಗಿ ಕಾಲರ್ ಅಕ್ಕ. ಕಾಲರ್ ಹೊಲಿಯುವುದೆಂದರೆ ಹುಡುಗಾಟವಲ್ಲ. ಎರಡು ಮೂಲೆಗಳೂ ಒಂದೇ ಚೂಪಿಗೆ ಬರಬೇಕು, ಒಂದು ಕೂದಲಷ್ಟು ಹೆಚ್ಚುಕಮ್ಮಿಯಾದರೂ ಹಾಕಿಕೊಂಡವನ ಕತ್ತೇ ಸೊಟ್ಟಗಿದ್ದಂತೆ ಕಾಣುತ್ತದೆ. ಅವಳ ಕೈಯಿಂದ ಬಂದ ಕಾಲರನ್ನು ಚೆಕಿಂಗಿನವರು ತಿರುಗಿಸಿಯೂ ನೋಡದೆ ಮುಂದಕ್ಕೆ ತಳ್ಳುತ್ತಿದ್ದರು. ಕೈ ಹಾಗಿತ್ತು. ಬಾಯಿ ಕೈಗಿಂತ ಚುರುಕು. ಮಾತಾಡುವ ಬದಲು ಸೀಟಿ ಊದಿಯೇ ಎಲ್ಲರನ್ನೂ ಓಡಿಸುತ್ತಿದ್ದ ಸೂಪರ್‌ವೈಸರನಿಗೆ 'ಸೀಟಿ' ಅಂತ ಹೆಸರಿಟ್ಟವಳು ಅವಳೇ. ಆ ಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತೆಂದರೆ ಒಂದು ಸಲ ಮ್ಯಾನೇಜರ್ ಕೂಡ ಮರೆತು "ಎಲ್ಲಿ ಆ ಸೀಟಿ?" ಎಂದುಬಿಟ್ಟಿದ್ದ.

ಇಷ್ಟು ಬಾಯಿಯಿದ್ದ ಹೆಂಗಸು ಒಂದು ವಿಷಯದಲ್ಲಿ ಮಾತ್ರ ವರ್ಷಾನುಗಟ್ಟಲೆ ತೆಪ್ಪಗಿದ್ದಳು. ಲೈನಿನ ಕೊನೆಯ ಕಂಬಕ್ಕೆ ಒಂದು ಮೊಳೆ, ಆ ಮೊಳೆಗೆ ದಾರ ಕಟ್ಟಿದ ಒಂದು ಪ್ಲಾಸ್ಟಿಕ್ ಬಿಲ್ಲೆ. ಶೌಚಾಲಯಕ್ಕೆ ಹೋಗುವವಳು ಅದನ್ನು ಕೊರಳಿಗೆ ಹಾಕಿಕೊಂಡು ಹೋಗಬೇಕು, ಬಂದು ವಾಪಸು ತೂಗುಹಾಕಬೇಕು. ಸಾಲಿನುದ್ದಕ್ಕೂ ಕೂತ ಅಷ್ಟೂ ಹೆಂಗಸರಿಗೆ ಅದೊಂದೇ ಬಿಲ್ಲೆ. ಒಬ್ಬಳು ಹೋದರೆ ಉಳಿದವರು ಹಲ್ಲು ಕಚ್ಚಿಕೊಂಡು ಕೂತಿರಬೇಕು. ಹೋದವಳು ಸ್ವಲ್ಪ ತಡಮಾಡಿದರೆ ಸೀಟಿ ಬಾಗಿಲ ಹೊರಗೇ ನಿಂತು ಊದುತ್ತಿದ್ದ. ಒಳಗೆ ಕೂತ ಹೆಣ್ಣುಮಗಳ ಕಿವಿಗೆ ಸೀಟಿ! ನಾಯಿಯನ್ನೂ ಹಾಗೆ ಕರೆಯುವುದಿಲ್ಲ. ಕಾಲರ್ ಅಕ್ಕ ಇದನ್ನು ತಮಾಷೆ ಮಾಡುತ್ತಿದ್ದಳು, ಬಯ್ಯುತ್ತಿದ್ದಳು, ಆದರೆ ಎದ್ದು ನಿಂತು ಬೇಡ ಎಂದವಳಲ್ಲ. ಬಿಲ್ಲೆಯ ಗೋಜೇ ಬೇಡವೆಂದು ಅವಳು ಕಂಡುಕೊಂಡ ಉಪಾಯ ಎಲ್ಲರೂ ಕಂಡುಕೊಂಡದ್ದೇ. ಬೆಳಿಗ್ಗೆ ಮನೆ ಬಿಡುವಾಗ ಅರ್ಧ ಲೋಟ ನೀರು, ಆಮೇಲೆ ಊಟದ ಹೊತ್ತಿಗೆ ಗಂಟಲು ಒದ್ದೆಯಾಗುವಷ್ಟು, ಅಷ್ಟೇ. ಮೇಲೆ ತಗಡಿನ ಮಾಡು, ಪಕ್ಕದಲ್ಲಿ ಇಸ್ತ್ರಿಯವರ ಹಬೆ, ಮೈಯೆಲ್ಲ ಬೆವರು. ನೀರು ಮಾತ್ರ ಒಳಗೆ ಹೋಗುತ್ತಿರಲಿಲ್ಲ.

ಹೀಗಿದ್ದ ಮೇಲೆ ಉರಿ ಬರದೆ ಇನ್ನೇನು? ಇವತ್ತು ಇವಳಿಗೆ, ನಾಳೆ ಅವಳಿಗೆ. ಮೂತ್ರಕ್ಕೆ ಹೋದರೆ ಮೆಣಸಿನಪುಡಿ ಎರಚಿದ ಹಾಗೆ. ಯಾರ ಹತ್ತಿರ ಹೇಳಿಕೊಳ್ಳುವುದು? ಗಂಡನಿಗೆ ಹೇಳಿದರೆ ಮುಖ ಸಿಂಡರಿಸುತ್ತಾನೆ, ಅತ್ತೆಗೆ ಹೇಳಿದರೆ ಸೊಸೆಯ ನಡತೆಯಲ್ಲೇ ಏನೋ ಎಡವಟ್ಟು ಹುಡುಕುತ್ತಾಳೆ. ಕಾರ್ಖಾನೆಯ ನರ್ಸ್ ಮಾತ್ರ ಏನೂ ಕೇಳುತ್ತಿರಲಿಲ್ಲ. ಅವಳ ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬದಷ್ಟು ದೊಡ್ಡ ಡಬ್ಬ, ಅದರ ತುಂಬ ಕೆಂಪು ಟೋಪಿಯ ಕ್ಯಾಪ್ಸೂಲು. ಉರಿ ಎಂದರೂ ಅದೇ, ಕೆಮ್ಮು ಎಂದರೂ ಅದೇ, ಹಲ್ಲುನೋವಿಗೂ ಅದೇ. "ಇದು ಬ್ರಾಡ್ ಸ್ಪೆಕ್ಟ್ರಮ್ ಆಂಟಿಬಯೋಟಿಕ್. ಎಲ್ಲದಕ್ಕೂ ಹೊಡೆಯುತ್ತೆ, ಹೋಗು," ಎನ್ನುತ್ತಿದ್ದಳು. ಹೆಂಗಸರ ಬಾಯಲ್ಲಿ ಅದು ಸವೆದು ಸವೆದು 'ಬ್ರಾಡು' ಆಯಿತು. "ನಿನ್ನ ಹತ್ರ ಒಂದು ಬ್ರಾಡು ಇದ್ಯಾ?" ಎಂದು ಕೇಳುವುದು ಸೂಜಿ ಕೇಳಿದಷ್ಟೇ ಸಲೀಸಾಯಿತು.

ಕಾಲರ್ ಅಕ್ಕನಿಗೆ ಬ್ರಾಡಿನ ಮೇಲೆ ಭಕ್ತಿಯೇ ಇತ್ತು, ಅದಕ್ಕೆ ಕಾರಣವೂ ಇತ್ತು. ಹಿಂದೊಮ್ಮೆ ಮಿಷನ್ನಿನ ಸೂಜಿ ಅವಳ ತೋರುಬೆರಳಿನ ಉಗುರು ತೂರಿ ಒಳಗೇ ಮುರಿದಿತ್ತು. ಬೆರಳು ಕೀವುಗಟ್ಟಿ, ಬಾವು ಮಣಿಕಟ್ಟು ದಾಟಿ ಮೊಣಕೈ ಕಡೆ ಏರತೊಡಗಿತ್ತು. ಆಗ ಆಸ್ಪತ್ರೆಯ ಡಾಕ್ಟರು ಕೀವು ತೆಗೆದು ಇದೇ ಕ್ಯಾಪ್ಸೂಲು ಬರೆದುಕೊಟ್ಟಿದ್ದರು, ಕೈ ಉಳಿದಿತ್ತು. ಕೈ ಉಳಿದದ್ದರಿಂದ ಕಾಲರ್ ಉಳಿಯಿತು, ಸಂಸಾರ ಉಳಿಯಿತು. ಅಂಥ ಔಷಧಿಯನ್ನು ಅವಳು ತಲೆಯ ಮೇಲೆ ಹೊತ್ತು ಮೆರೆಸಿದರೆ ತಪ್ಪೆನ್ನಲಾಗದು. ಅವತ್ತು ಡಾಕ್ಟರು ಬೆರಳು ನೋಡಿ, ಒತ್ತಿ, ಕೀವನ್ನು ಪರೀಕ್ಷೆಗೆ ಕಳಿಸಿ, ಎಷ್ಟು ದಿನ ನುಂಗಬೇಕೆಂದು ಬರೆದುಕೊಟ್ಟಿದ್ದನ್ನು ಮಾತ್ರ ಅವಳು ಮರೆತಳು. ಕ್ಯಾಪ್ಸೂಲಿನ ಬಣ್ಣ ನೆನಪಿಟ್ಟುಕೊಂಡಳು.

ಅಲ್ಲಿಂದ ಮುಂದೆ ಲೈನಿಗೆಲ್ಲ ಅವಳೇ ಡಾಕ್ಟರು. ನೆಗಡಿಯೆಂದು ಮೂಗೊರೆಸುತ್ತ ಬಂದವಳಿಗೂ ಬ್ರಾಡು ಕೊಟ್ಟಳು. ನೆಗಡಿ ತನ್ನ ಪಾಡಿಗೆ ತಾನು ಹೋಗುವ ಹೊತ್ತಿಗೆ ಹೋಯಿತು, ಹೆಸರು ಬ್ರಾಡಿಗೆ ಬಂತು. ಕೆಲವರಿಗೆ ನುಂಗಿದ ಮರುದಿನದಿಂದಲೇ ಭೇದಿ ಹತ್ತಿಕೊಂಡಿತು, ಇನ್ನು ಕೆಲವರಿಗೆ ಹೇಳಿಕೊಳ್ಳಲಾಗದ ಜಾಗದಲ್ಲಿ ತುರಿಕೆ. "ಔಷಧಿ ಕೆಲಸ ಮಾಡ್ತಿದೆ ಕಣೇ, ಅದಕ್ಕೇ," ಎಂದು ಅಕ್ಕ ಸಮಾಧಾನ ಹೇಳಿದಳು. ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ಇನ್ನೊಂದು ಪದ್ಧತಿ ಆ ಲೈನಿನಲ್ಲೇ ಹುಟ್ಟಿ ಬೆಳೆಯಿತು. ನರ್ಸ್ ಒಬ್ಬಳಿಗೆ ಒಂದು ಪಟ್ಟಿ ಮಾತ್ರೆ ಕೊಡುತ್ತಾಳೆ. ಅವಳು ಎರಡು ನುಂಗುತ್ತಾಳೆ, ಉರಿ ತಣ್ಣಗಾಗುತ್ತದೆ. ಉಳಿದದ್ದನ್ನು ಏನು ಮಾಡುವುದು? ಕತ್ತರಿಸಿ ಕಟ್ಟಿದ ಬಟ್ಟೆಯ ಬಂಡಲು ಮಿಷನ್ನಿನಿಂದ ಮಿಷನ್ನಿಗೆ ಸಾಗುತ್ತದಲ್ಲ, ಅದರ ಕಟ್ಟಿನೊಳಗೆ ಸಿಕ್ಕಿಸಿ ಮುಂದಕ್ಕೆ ಕಳಿಸುತ್ತಾಳೆ. ಕಾಲರಿನ ಬಂಡಲಿನಲ್ಲಿ ಬಂದ ಬ್ರಾಡು ತೋಳಿನವಳಿಗೆ, ತೋಳಿನವಳಿಂದ ಗುಂಡಿಗೆ ಕಾಜಾ ಹಾಕುವವಳಿಗೆ. ಒಬ್ಬೊಬ್ಬಳು ಒಂದೆರಡು. ಮಿಕ್ಕವರಿಗೂ ಬೇಕಲ್ಲ ಎನ್ನುವ ಕರುಣೆ. ಒಬ್ಬಳೇ ಇಡೀ ಪಟ್ಟಿ ನುಂಗಿದರೆ ಅವಳನ್ನು ದುರಾಸೆಯವಳೆಂದು ಆಡಿಕೊಳ್ಳುತ್ತಿದ್ದರು. ಪಾಪದ ಹೆಂಗಸರು, ಹಂಚಿ ತಿನ್ನುವ ಒಳ್ಳೇ ಗುಣವನ್ನು ಔಷಧಿಗೂ ತಂದಿದ್ದರು. ನರ್ಸ್ ಇದನ್ನು ಕಂಡೂ ಕಾಣದ ಹಾಗಿದ್ದಳು. ಸೀಟಿಗೂ ಗೊತ್ತಿತ್ತು. ಮಿಷನ್ ನಿಲ್ಲದಿದ್ದರೆ ಸರಿ, ಅವನ ಗಂಟೇನು ಹೋಗಬೇಕು?

ಕಾಜಾ ಮಿಷನ್ನಿನಲ್ಲಿ ಕೂರುತ್ತಿದ್ದವಳು ಅಕ್ಕನ ಸ್ವಂತ ತಂಗಿ. ತಾಯಿ ತೀರಿಕೊಂಡಾಗ ಇನ್ನೂ ಹಾಲು ಬಿಡದ ಕೂಸು, ಅಕ್ಕನೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಮೈ ಸಣ್ಣ, ದನಿ ಸಣ್ಣ, ನೀರು ಕುಡಿದರೂ ತುಟಿ ಒದ್ದೆ ಮಾಡಿಕೊಂಡಂತೆ, ಅದಕ್ಕೇ ಎಲ್ಲರಿಗೂ ಗುಬ್ಬಿ. ಅವಳನ್ನು ಕೆಲಸಕ್ಕೆ ಸೇರಿಸುವಾಗ ಅಕ್ಕ ಸೀಟಿಗೆ ಮಾತು ಕೊಟ್ಟಿದ್ದಳು. "ಕೂತ ಜಾಗದಿಂದ ಅಲ್ಲಾಡಲ್ಲ ಸಾರ್ ನನ್ನ ತಂಗಿ." ಆ ಮಾತನ್ನು ಗುಬ್ಬಿ ಅಕ್ಷರಶಃ ನಡೆಸಿಕೊಟ್ಟಳು. ಉರಿ ಬಂದಾಗ ಬಂಡಲಿನಲ್ಲಿ ಬಂದ ಬ್ರಾಡಿನಲ್ಲಿ ಎರಡು ನುಂಗಿದಳು, ಉಳಿದದ್ದನ್ನು ಮುಂದಕ್ಕೆ ಕಳಿಸಿದಳು. ಸ್ವಲ್ಪ ದಿನಕ್ಕೆ ಮತ್ತೆ ಉರಿ, ಮತ್ತೆ ಎರಡು. ಮೂರನೇ ಸಲ ಬಂದ ಉರಿ ಬ್ರಾಡಿಗೆ ಜಗ್ಗಲಿಲ್ಲ.

ಆಮೇಲೊಂದು ಮಧ್ಯಾಹ್ನ ಕಾಜಾ ಮಿಷನ್ನಿನ ಸದ್ದು ನಿಂತಿತು. ಅಕ್ಕ ತಿರುಗಿ ನೋಡಿದರೆ, ಆ ಸೆಕೆಯಲ್ಲಿ ಗುಬ್ಬಿ ಹಲ್ಲು ಕಟಕಟಿಸುತ್ತ ನಡುಗುತ್ತಿದ್ದಾಳೆ, ಒಂದು ಕೈ ಪಕ್ಕೆಯ ಹಿಂದೆ ಒತ್ತಿ ಹಿಡಿದಿದ್ದಾಳೆ.

"ಏನಾಯ್ತೇ?"

"ಬೆನ್ನು ಸೀಳಿದ ಹಾಗೆ ನೋವು, ಅಕ್ಕಾ. ಚಳಿ."

ಸೀಟಿ ಬಂದು ಊದಿದ. "ನಾಟಕ ಸಾಕು. ಸಾಯಂಕಾಲ ಲಾರಿ ಲೋಡ್ ಆಗ್ಬೇಕು." ನರ್ಸ್ ಬಂದಳು, ಹಣೆ ಮುಟ್ಟಿದಳು, ಡಬ್ಬಕ್ಕೆ ಕೈ ಹಾಕಿದಳು. "ಎರಡು ಒಟ್ಟಿಗೆ ಕೊಡ್ತೀನಿ. ಬೆಳಿಗ್ಗೆಗೆಲ್ಲ ಸರಿಹೋಗುತ್ತೆ." ಗುಬ್ಬಿ ನುಂಗಿದಳು, ಸ್ವಲ್ಪ ಹೊತ್ತಿಗೆ ವಾಂತಿ ಮಾಡಿಕೊಂಡಳು. ಮನೆಗೆ ಬಂದ ಮೇಲೆ ಅಕ್ಕ ತನ್ನ ಚೀಲದಿಂದ ಮತ್ತೆರಡು ತೆಗೆದಳು. ಗುಬ್ಬಿ ತಲೆ ಅಲ್ಲಾಡಿಸಿದಳು.

"ಬೇಡ ಅಕ್ಕಾ, ಸೇರಲ್ಲ."

"ಮುಚ್ಚು ಬಾಯಿ. ನನ್ನ ಕೈ ಉಳಿಸಿದ್ದು ಇದೇ. ನುಂಗು, ನಾನು ಹೇಳ್ತೀನಿ."

ಬೆಳಗಾಗುವಷ್ಟರಲ್ಲಿ ಗುಬ್ಬಿಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ಇಲ್ಲದ ಮಿಷನ್ನಿಗೆ ಕಾಲು ಒತ್ತುತ್ತಿದ್ದಳು, "ಬಿಲ್ಲೆ ಬಂತಾ, ಬಿಲ್ಲೆ ಬಂತಾ" ಎಂದು ಕೇಳುತ್ತಿದ್ದಳು. ಅಕ್ಕನ ಗಂಡ ನಾದಿನಿಯನ್ನು ಮಗುವಿನಂತೆ ಎತ್ತಿಕೊಂಡು ಮೆಟ್ಟಿಲಿಳಿದ.

ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಒಬ್ಬ ಡಾಕ್ಟರಮ್ಮ ಸಿಕ್ಕಳು. ಚಿಕ್ಕ ವಯಸ್ಸು, ಕಣ್ಣಿನ ಸುತ್ತ ಕಪ್ಪು. ನಾಡಿ ನೋಡಿದಳು, ಬೆನ್ನಿಗೆ ಮೆಲ್ಲಗೆ ತಟ್ಟಿದಳು, ಗುಬ್ಬಿ ಚೀರಿದಳು. ಮೂತ್ರ ಮತ್ತು ರಕ್ತ ಪರೀಕ್ಷೆಗೆ ಹೋದವು, ಸೂಜಿ ಚುಚ್ಚಿ ಡ್ರಿಪ್ ಹಾಕಿದರು. ಇಷ್ಟಾದ ಮೇಲೆ ಡಾಕ್ಟರಮ್ಮ ಕೇಳಿದಳು, "ಮನೇಲಿ ಏನಾದ್ರೂ ಔಷಧಿ ಕೊಟ್ಟಿದ್ರಾ?"

ಕಾಲರ್ ಅಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡೇ ಹೇಳಿದಳು. "ಬ್ರಾಡು ಕೊಟ್ಟಿದೀನಿ ಡಾಕ್ಟರಮ್ಮಾ. ಮೂರು ಸಲಾನೂ."

"ಪ್ರತಿ ಸಲ ಎಷ್ಟು?"

"ಎರಡು. ಉರಿ ನಿಂತ ತಕ್ಷಣ ನಿಲ್ಲಿಸ್ತೀವಿ. ದಂಡ ಮಾಡಲ್ಲ ನಾವು."

ಡಾಕ್ಟರಮ್ಮ ಕಣ್ಣು ಮುಚ್ಚಿ ತೆರೆದಳು. ಬಯ್ಯಲಿಲ್ಲ. ಬಯ್ದಿದ್ದರೆ ಅಕ್ಕ ತಿರುಗಿ ಬಯ್ಯಬಹುದಿತ್ತು.

"ಸೋಂಕು ಕಿಡ್ನಿಗೆ ಏರಿದೆ, ರಕ್ತಕ್ಕೂ ಇಳಿದಿರಬಹುದು. ಜೀವಕ್ಕೆ ಅಪಾಯ ಇದೆ, ಸುಳ್ಳು ಹೇಳಲ್ಲ. ಯಾವ ರೋಗಾಣು ಅಂತ ಗೊತ್ತಾಗೋಕೆ ಕಲ್ಚರ್ ರಿಪೋರ್ಟ್ ಬರ್ಬೇಕು. ಅಲ್ಲಿ ತನಕ ಕಾಯೋಕಾಗಲ್ಲ, ಅದಕ್ಕೆ ಈಗ ಬ್ರಾಡ್ ಸ್ಪೆಕ್ಟ್ರಮ್ ಇಂಜೆಕ್ಷನ್ನೇ ಶುರು ಮಾಡಿದೀನಿ."

"ಮತ್ತೆ ನಾನು ಕೊಟ್ಟಿದ್ದೂ ಅದೇ ತಾನೇ?" ಅಕ್ಕನ ದನಿ ಏರಿತು. "ನೀವು ಕೊಟ್ರೆ ಔಷಧಿ, ನಾವು ಕೊಟ್ರೆ ವಿಷಾನಾ?"

"ವಿಷ ಅಲ್ಲಮ್ಮ. ಒಳ್ಳೇ ಔಷಧಿ. ಯಾವ ರೋಗಾಣು ಅಂತ ಗೊತ್ತಿಲ್ಲದೆ ಜೀವ ಹೋಗ್ತಿರುವಾಗ ಹಲವು ಬಗೆಯದನ್ನು ಒಟ್ಟಿಗೆ ಹೊಡೆಯೋದು ಬೇಕು. ಆಮೇಲೆ ರಿಪೋರ್ಟ್ ನೋಡಿ ಅದಕ್ಕೇ ಸರಿಯಾದ ಔಷಧಿಗೆ ಬದಲಾಯಿಸ್ತೀವಿ. ಆದ್ರೆ ಎಲ್ಲವನ್ನೂ ಅದು ಹೊಡೆಯಲ್ಲ. ನೆಗಡಿ ಬರೋದು ವೈರಸ್‌ನಿಂದ, ಅದಕ್ಕೆ ಇದು ತಾಗೋದೇ ಇಲ್ಲ. ಹೊಟ್ಟೇಲಿರೋ ಒಳ್ಳೇ ಬ್ಯಾಕ್ಟೀರಿಯಾವನ್ನ ಮಾತ್ರ ಸುಮ್ನೆ ಕೊಲ್ಲುತ್ತೆ. ಭೇದಿ, ತುರಿಕೆ ಶುರುವಾಗೋದು ಅದಕ್ಕೇ."

ಒಂದು ಹೊಲಿಗೆ ತಪ್ಪಿದ್ದಕ್ಕೆ ಇಡೀ ಅಂಗಿಯ ದಾರ ಕಿತ್ತ ಹಾಗೆ, ಎಂದುಕೊಂಡಳು ಅಕ್ಕ.

"ಎರಡೆರಡು ನುಂಗಿ ಬಿಟ್ರೆ," ಡಾಕ್ಟರಮ್ಮ ಮುಂದುವರಿಸಿದಳು, "ಮೆತ್ತನೆಯವು ಸಾಯ್ತವೆ, ಗಟ್ಟಿಯವು ಉಳ್ಕೋತವೆ. ಉಳಿದದ್ದು ಬೆಳೆಯುತ್ತೆ, ಒಬ್ಬರಿಂದ ಒಬ್ಬರಿಗೆ ಹರಡುತ್ತೆ. ಆಮೇಲೆ ಆ ಔಷಧಿಗೆ ಅದು ಹೆದರಲ್ಲ. ಹೋಗ್ಲಿ, ಇವರು ನೀರು ಚೆನ್ನಾಗಿ ಕುಡಿಯಲ್ವಾ? ಬಂದಾಗ ಮೂತ್ರಕ್ಕೆ ಹೋಗೋದು ಬಿಟ್ಟು ಹಿಡಿದಿಟ್ಕೋತಾರಾ?"

ಅಕ್ಕನಿಗೆ ರೇಗಿಹೋಯಿತು. "ಹಿಡಿದಿಟ್ಕೊಳ್ಳೋಕೆ ನಮಗೇನು ಆಸೇನಾ? ಬಂದಾಗ ಹೋಗಿ ಅಂತ ಹೇಳೋದು ಸುಲಭ. ನೀವು ಕುರ್ಚಿಯಿಂದ ಎದ್ದು ಹೋಗ್ತೀರಿ, ಯಾರು ಕೇಳ್ತಾರೆ?"

"ನಾನೂ ಬೆಳಿಗ್ಗೆಯಿಂದ ಹೋಗಿಲ್ಲಮ್ಮ," ಎಂದು ಡಾಕ್ಟರಮ್ಮ ಪಕ್ಕದ ಹಾಸಿಗೆಗೆ ನಡೆದಳು.

ಮೊದಲು ಹಾಕಿದ ಇಂಜೆಕ್ಷನ್ನಿಗೆ ಜ್ವರ ಇಳಿಯಲಿಲ್ಲ. ಗುಬ್ಬಿಯ ತುಟಿ ಸೀಳಿತು, ಉಸಿರು ಓಡತೊಡಗಿತು. ಹಾಸಿಗೆಯ ಪಕ್ಕದಲ್ಲಿ ಕೂತ ಅಕ್ಕನಿಗೆ ಮೈ ಪರಚಿಕೊಳ್ಳುವಷ್ಟು ಸಿಟ್ಟು. ಯಾರ ಮೇಲೆ? ಮೊದಲು ತನ್ನ ಮೇಲೇ. ನುಂಗು ಎಂದು ಗದರಿದ ಬಾಯಿ ಇದೇ ತಾನೇ. ಆಮೇಲೆ ನರ್ಸಿನ ಮೇಲೆ. ನಾನಾದರೆ ನಾಲ್ಕಕ್ಷರ ಕಲಿಯದವಳು, ಕಾಲರ್ ಹೊಲಿಯುವವಳು. ಅವಳು ಬಿಳಿ ಕೋಟು ಹಾಕಿಕೊಂಡು ಕೂತವಳಲ್ಲವೇ? ಒಂದು ದಿನವಾದರೂ ಪರೀಕ್ಷೆ ಮಾಡಿಸು ಎಂದಳೇ? ಡಾಕ್ಟರ ಹತ್ತಿರ ಹೋಗು ಎಂದಳೇ? ಒಂದೇ ಲೈನಿನ ಹೆಂಗಸರಿಗೆಲ್ಲ ಯಾಕಿಷ್ಟು ಉರಿ ಎಂದು ಅವಳಿಗೆ ಒಮ್ಮೆಯಾದರೂ ಅನ್ನಿಸಲಿಲ್ಲವೇ? ಹೀಗೆ ಯೋಚಿಸುತ್ತ ಯೋಚಿಸುತ್ತ ಅಕ್ಕನ ಸಿಟ್ಟು ನರ್ಸನ್ನೂ ದಾಟಿತು. ಅನ್ನಿಸದೆ ಏನು, ಅನ್ನಿಸಿರುತ್ತದೆ. ಗೊತ್ತಿದ್ದೇ ಡಬ್ಬ ತರಿಸಿಟ್ಟಿದ್ದಾರೆ. ಹೆಂಗಸು ಎದ್ದು ಹೋದರೆ ಮಿಷನ್ ನಿಲ್ಲುತ್ತದೆ, ಕ್ಯಾಪ್ಸೂಲು ನುಂಗಿದರೆ ಓಡುತ್ತದೆ. ನಮ್ಮ ಕಾಯಿಲೆ ವಾಸಿಯಾಗಲೆಂದು ಇಟ್ಟದ್ದಲ್ಲ ಅದು, ನಾವು ಕೂತಲ್ಲೇ ಕೂತಿರಲೆಂದು ಇಟ್ಟದ್ದು.

ರಿಪೋರ್ಟ್ ಬಂತು. ಪರೀಕ್ಷಿಸಿ ನೋಡಿದ ಔಷಧಿಗಳಲ್ಲಿ ಹೆಚ್ಚಿನವಕ್ಕೆ ಆ ರೋಗಾಣು ಸೊಪ್ಪು ಹಾಕುತ್ತಿರಲಿಲ್ಲ. ಒಂದು ಇಂಜೆಕ್ಷನ್ನಿಗೆ ಮಾತ್ರ ಬಗ್ಗುತ್ತಿತ್ತು. ಆಸ್ಪತ್ರೆಯಲ್ಲಿ ಅದು ಇತ್ತು, ಪುಣ್ಯ. ಅದನ್ನು ಕೊಟ್ಟ ಮೇಲೆ ಜ್ವರ ಹಟ ಬಿಟ್ಟು ಇಳಿಯಿತು. ಗುಬ್ಬಿ ಕಣ್ಣು ಬಿಟ್ಟವಳು ಮೊದಲು ಕೇಳಿದ್ದು ನೀರು. ಅಕ್ಕ ಕುಡಿಸುತ್ತ ಕುಡಿಸುತ್ತ ಗಳಗಳ ಅತ್ತಳು.

ಬಿಡುಗಡೆ ಮಾಡುವಾಗ ಡಾಕ್ಟರಮ್ಮ ಅಕ್ಕನನ್ನು ಪಕ್ಕಕ್ಕೆ ಕರೆದಳು. "ಈ ಸಲ ಒಂದು ಔಷಧಿ ಉಳಿದಿತ್ತು. ಇದೇ ತರ ಮತ್ತೆ ಮತ್ತೆ ಬಂದ್ರೆ ಮುಂದಿನ ಸಲ ಅದೂ ಉಳಿದಿರುತ್ತೆ ಅಂತ ನಾನು ಮಾತು ಕೊಡಲ್ಲ. ಅವರು ನೀರು ಕುಡೀಬೇಕು. ಬಂದಾಗ ಹೋಗಬೇಕು. ಇದಕ್ಕೆ ನನ್ನ ಹತ್ರ ಮಾತ್ರೆ ಇಲ್ಲ."

ಗುಬ್ಬಿ ಇನ್ನೂ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದಳು. ಅಕ್ಕ ಕೆಲಸಕ್ಕೆ ಮರಳಿದ ದಿನ ಕಾರ್ಖಾನೆಯ ಊಟದ ಹಾಲ್‌ನಲ್ಲಿ ಸಂಭ್ರಮವೋ ಸಂಭ್ರಮ. ಗೋಡೆಗೆ 'ಮಹಿಳಾ ಆರೋಗ್ಯ ಕಾರ್ಯಕ್ರಮ' ಎಂಬ ಬ್ಯಾನರು, ಫೋಟೋ ತೆಗೆಯಲು ಒಬ್ಬ. ಗುಬ್ಬಿಯ ಸುದ್ದಿ ಲೈನಿನಿಂದ ಲೈನಿಗೆ ಹರಡಿತ್ತು. ಮೂಗಿಗೆ ತುಪ್ಪ ಸವರಲು ಕಂಪನಿಯವರು ಮುಂದಾಗಿದ್ದರು. ಮ್ಯಾನೇಜರ್ ಮೈಕು ಹಿಡಿದ.

"ನೀವೆಲ್ಲ ನಮ್ಮ ಕುಟುಂಬ ಇದ್ದ ಹಾಗೆ. ನಮ್ಮ ಒಬ್ಬ ಸಹೋದರಿಗೆ ಹುಷಾರಿಲ್ಲದೆ ಆಗಿದ್ದು ನಮಗೂ ನೋವು. ಹಳೇ ಕ್ಯಾಪ್ಸೂಲು ಸಾಕಾಗ್ತಾ ಇಲ್ಲ ಅಂತ ಗೊತ್ತಾಗಿ, ಅದಕ್ಕಿಂತ ಸ್ಟ್ರಾಂಗ್ ಆದದ್ದನ್ನ ತರಿಸಿದೀವಿ. ಎಲ್ಲರಿಗೂ ಒಂದೊಂದು ಪಟ್ಟಿ. ಮುಂಜಾಗ್ರತೆಗೆ ಇಟ್ಕೊಳ್ಳಿ."

ಚಪ್ಪಾಳೆ ಬಿತ್ತು. ನರ್ಸ್ ನಗುತ್ತ ಹೊಸ ಡಬ್ಬ ತೆರೆದಳು. ಕೆಂಪು ಟೋಪಿ ಹೋಗಿ ನೀಲಿ ಟೋಪಿ ಬಂದಿತ್ತು. ಫೋಟೋಗೆ ಹಿರಿಯಳು ಇರಲೆಂದು ಕಾಲರ್ ಅಕ್ಕನನ್ನೇ ಮೊದಲು ಕರೆದರು. ಅವಳು ಹೋದಳು, ಪಟ್ಟಿ ಕೈಗೆ ತೆಗೆದುಕೊಂಡಳು, ತಿರುವಿ ಮುರುವಿ ನೋಡಿದಳು.

"ಸಾರ್, ಒಂದು ಮಾತು ಕೇಳ್ಲಾ?"

"ಕೇಳಮ್ಮ, ಧಾರಾಳವಾಗಿ," ಎಂದು ಮ್ಯಾನೇಜರ್ ಮೈಕನ್ನೇ ಅವಳ ಬಾಯಿಗೆ ಹಿಡಿದ.

"ಇದನ್ನ ನುಂಗಿದ್ರೆ ಉಚ್ಚೆ ಬರೋದು ನಿಂತುಹೋಗುತ್ತಾ ಸಾರ್?"

ಮೈಕಿನಲ್ಲಿ ಆ ಮಾತು ತಗಡಿನ ಮಾಡಿಗೆ ಬಡಿದು ಹಾಲ್‌ನ ಮೂಲೆ ಮೂಲೆಗೂ ಕೇಳಿತು. ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮ್ಯಾನೇಜರನ ಮುಖ ಇಂಗು ತಿಂದ ಮಂಗನಂತಾಯಿತು.

"ಅದು ಹಾಗಲ್ಲಮ್ಮ, ಇದು ಸೋಂಕಿಗೆ..."

"ಸೋಂಕು ಯಾಕೆ ಬರುತ್ತೆ ಅಂತ ನಿಮಗೆ ಗೊತ್ತು. ನಾವು ನೀರು ಕುಡಿಯಲ್ಲ, ಯಾಕಂದ್ರೆ ಎದ್ದು ಹೋಗೋ ಹಾಗಿಲ್ಲ. ನನ್ನ ತಂಗಿ ಸಾವಿನ ಬಾಯಿಗೆ ಹೋಗಿ ಬಂದ್ಲು ಸಾರ್. ಜ್ವರದಲ್ಲಿ ಬಡಬಡಿಸೋವಾಗ ಅಕ್ಕಾ ಅನ್ನಲಿಲ್ಲ, ಅಮ್ಮಾ ಅನ್ನಲಿಲ್ಲ. ಬಿಲ್ಲೆ ಬಂತಾ ಅಂದ್ಲು." ನಗು ಎಲ್ಲೋ ಉಡುಗಿಹೋಗಿತ್ತು. ಅಕ್ಕ ಮೈಕನ್ನು ತನ್ನ ಕೈಗೇ ತೆಗೆದುಕೊಂಡಳು. "ಹಳೇದು ಹೊಡೀಲಿಲ್ಲ ಅಂತ ಹೊಸದು ತಂದ್ರಿ. ಇದೂ ಹೊಡೀದೇ ಇದ್ರೆ ಇನ್ನೊಂದು ತರ್ತೀರಿ. ಎಲ್ಲಾ ಮುಗಿದ ಮೇಲೆ ಏನು ತರ್ತೀರಿ? ಹೂವಿನ ಹಾರಾನಾ? ಮಿಷನ್ ನಿಲ್ಲಬಾರದು ಅನ್ನೋದು ನಿಮ್ಮ ಕಾಯಿಲೆ ಸಾರ್. ಅದಕ್ಕೆ ನಾವು ಯಾಕೆ ಮಾತ್ರೆ ನುಂಗ್ಬೇಕು?"

ಪಟ್ಟಿಯನ್ನು ಮೇಜಿನ ಮೇಲಿಟ್ಟು ಅವಳು ಬಾಗಿಲ ಕಡೆ ನಡೆದಳು. ಮಿಷನ್ನಿನ ಕಡೆಗಲ್ಲ, ಶೌಚಾಲಯದ ಕಡೆಗೆ. ತೋಳಿನವಳು ಎದ್ದಳು. ಇಸ್ತ್ರಿಯವಳು ಎದ್ದಳು. ಸೀಟಿ ಅಭ್ಯಾಸಬಲದಿಂದ ಸೀಟಿಯನ್ನು ಬಾಯಿಗಿಟ್ಟುಕೊಂಡವನು ಸುತ್ತ ನೋಡಿ ಊದದೇ ತೆಗೆದ. ಅವತ್ತು ಶೌಚಾಲಯದ ಮುಂದೆ ಅಂಗಳದವರೆಗೂ ಸಾಲು ನಿಂತಿತ್ತು. ಕೊನೆಯವಳು ಬಂದು ಕೂರುವವರೆಗೂ ಒಂದು ಮಿಷನ್ನೂ ಓಡಲಿಲ್ಲ.

ಕಂಪನಿ ಸುಮ್ಮನಿರುತ್ತದೆಯೇ? ಮರುದಿನವೇ ಅವಳನ್ನು ಕಾಲರಿನಿಂದ ತೆಗೆದು, ಹೊಸಬರನ್ನು ಹಾಕುವ ದಾರ ಕತ್ತರಿಸುವ ಮೇಜಿಗೆ ಹಾಕಿದರು. ಎಂಥ ಕೈ, ಎಂಥ ಕೆಲಸಕ್ಕೆ! ಕಾಲರಿನ ಮೂಲೆಗಳು ಆ ವಾರವೆಲ್ಲ ಸೊಟ್ಟಗೆ ಬಂದು ಚೆಕಿಂಗಿನಿಂದ ರಾಶಿ ರಾಶಿ ವಾಪಸಾದವು, ಅದನ್ನು ನೋಡಿ ಅಕ್ಕ ಹೊಟ್ಟೆ ತುಂಬ ಖುಷಿಪಟ್ಟಳು. ಕಂಬದ ಮೇಲಿನ ಬಿಲ್ಲೆಯನ್ನು ಯಾರು ತೆಗೆದರೋ, ಮೊಳೆ ಮಾತ್ರ ಉಳಿಯಿತು. ಇನ್ನು ಮುಂದೆ ಹೀಗೆ ಎಂದು ಕಂಪನಿಯವರು ಒಂದು ಮಾತೂ ಹೇಳಲಿಲ್ಲ. ತಪ್ಪಾಯಿತು ಎಂದಂತೂ ಹೇಳಲೇ ಇಲ್ಲ.

ಗುಬ್ಬಿ ಕೆಲಸಕ್ಕೆ ಬಂದಳು. ಮುಖ ಇನ್ನೂ ಬಿಳಿಚಿಕೊಂಡಿತ್ತು. ಪಕ್ಕದಲ್ಲಿ ದೊಡ್ಡ ನೀರಿನ ಬಾಟಲಿ, ಅಕ್ಕನೇ ತುಂಬಿಸಿ ಇಟ್ಟದ್ದು. ಬೆಳಿಗ್ಗೆಯೆಲ್ಲ ಗುಟುಕು ಗುಟುಕಾಗಿ ಕುಡಿದಳು. ಆಮೇಲೆ ಕಾಜಾ ಮಿಷನ್ನಿನ ಮೇಲೆ ಅರ್ಧ ಮುಗಿದ ಅಂಗಿಯಿರುವಾಗಲೇ ಅವಳ ಕಾಲು ಪೆಡಲಿನಿಂದ ಕೆಳಗಿಳಿಯಿತು. ಎದ್ದಳು, ನಿಂತಳು, ಹೆಜ್ಜೆ ಮುಂದಿಡಲಾಗದೆ ಸೀಟಿಯ ಕಡೆ ನೋಡಿದಳು.

"ಅವನ ಮುಖ ಏನೇ ನೋಡ್ತೀಯ?" ದಾರ ಕತ್ತರಿಸುವ ಮೇಜಿನಿಂದ ಅಕ್ಕ ಕೂಗಿದಳು. "ಕಿಡ್ನಿ ನಿಂದು. ಹೋಗು!"

ಗುಬ್ಬಿ ಹೋದಳು.